ನಾಲ್ಕು ಗಂಟೆಯ ಹೊಟ್ಟೆ

ಕಳೆದ ಚಳಿಗಾಲ ಅಮೆರಿಕದ ಒಹಾಯೊದಲ್ಲಿರುವ ಮಗಳ ಮನೆಯಲ್ಲಿದ್ದೆ. ಒಂದು ಬೆಳಿಗ್ಗೆ ಗುಂಡ ತನ್ನ ಬಟ್ಟೆಯ ತೊಟ್ಟಿಲಿನಿಂದ ಇಳಿದು ಬಂದವನು ನಡುಮನೆಯಲ್ಲಿ ನಿಂತುಬಿಟ್ಟ. ಕಣ್ಣು ತೆರೆದೇ ಇತ್ತು, ನೋಟ ಮಾತ್ರ ಗೋಡೆಯಲ್ಲಿ ನೆಟ್ಟಿತ್ತು. ಕರೆದರೆ ಕಿವಿ ಅಲುಗಲಿಲ್ಲ. ಎರಡು ಹೆಜ್ಜೆ ಇಡುವಷ್ಟರಲ್ಲಿ ಹಿಂಗಾಲು ಸೋತು ಸೊಂಟ ನೆಲಕ್ಕೆ ಕುಸಿಯಿತು. ಬಾಯಿಂದ ಜೊಲ್ಲು ಸುರಿಯತೊಡಗಿತು. ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತ ಒದ್ದಾಡಿದ. ಗಂಟಲಿಗೆ ಮೂಳೆ ಸಿಕ್ಕಿಕೊಂಡಿದೆ ಎಂದೇ ನಾನು ಅಂದುಕೊಂಡೆ. ಮಗಳು ಓಡಿಬಂದಳು. ಜೇನಿನ ಬಾಟಲಿ ತೆಗೆದು, ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದರಲ್ಲಿ ಅದ್ದಿ ಅವನ ವಸಡಿಗೆ ಸವರಿದಳು. “ಬೆರಳು ಹಾಕಬೇಡಮ್ಮಾ, ಈಗ ಕಚ್ಚಿದರೆ ಅವನಿಗೇ ಗೊತ್ತಾಗಲ್ಲ” ಎಂದಳು. ಐದಾರು ನಿಮಿಷದಲ್ಲಿ ಗುಂಡ ತಲೆ ಎತ್ತಿ ನಮ್ಮನ್ನು ಗುರುತು ಹಿಡಿದ. ಕೂಡಲೇ ಕೋಳಿಮಾಂಸದ ತೆಳು ಗಂಜಿಯನ್ನು ಚಮಚದಲ್ಲಿ ನೆಕ್ಕಿಸಿ, ಆಮೇಲೆ ಅವಳು ಪಶುವೈದ್ಯರಿಗೆ ಫೋನ್ ಮಾಡಿದಳು.

ಗುಂಡ ಒಂದು ಫೆರೆಟ್. ಕನ್ನಡದಲ್ಲಿ ಈ ಪ್ರಾಣಿಗೆ ಬೇರೆ ಹೆಸರಿಲ್ಲ, ನಮ್ಮ ನೆಲದಲ್ಲಿ ಅದು ಇಲ್ಲದಿರುವುದೇ ಕಾರಣ. ಮೊದಲ ಸಲ ಕಂಡಾಗ ನನಗೆ ನೆನಪಾದದ್ದು ಮುಂಗುಸಿ. ಆದರೆ ಮುಂಗುಸಿಯ ಕುಲವೇ ಬೇರೆ. ಫೆರೆಟ್ಟಿನ ನಿಜವಾದ ದಾಯಾದಿಗಳು ನಮ್ಮಲ್ಲಿ ತುಂಗಭದ್ರೆಯ, ಕಾವೇರಿಯ ನೀರುನಾಯಿಗಳು, ಬಯಲುಸೀಮೆಯ ಕುರುಚಲು ಕಾಡಿನ ತರಕರಡಿ. ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಎರಡು ಸಾವಿರ ವರ್ಷಕ್ಕೂ ಹಿಂದೆ ಜನ ಪಳಗಿಸಿ, ಬಿಲದಿಂದ ಮೊಲ ಹೊರಡಿಸಲು ಸಾಕಿಕೊಂಡರು. ಅದರ ಸಂತತಿಯೇ ಇಂದಿನ ಫೆರೆಟ್. ಗಂಡು ಒಂದರಿಂದ ಎರಡು ಕಿಲೋ ತೂಗುತ್ತದೆ, ಹೆಣ್ಣು ಅದರ ಅರ್ಧದಷ್ಟು. ದಿನಕ್ಕೆ ಹದಿನಾಲ್ಕು ಗಂಟೆಗೂ ಮೀರಿ ನಿದ್ದೆ ಮಾಡುತ್ತದೆ. ಎಚ್ಚರವಿದ್ದಷ್ಟು ಹೊತ್ತು ಒಂದು ಕ್ಷಣ ಸುಮ್ಮನಿರುವುದಿಲ್ಲ. ಖುಷಿಯಾದಾಗ ಬೆನ್ನು ಬಿಲ್ಲಿನಂತೆ ಬಾಗಿಸಿ, ಕೊಕ್ಕೊಕ್ ಎಂದು ಸದ್ದು ಮಾಡುತ್ತ ಅಡ್ಡಡ್ಡ ಕುಣಿಯುತ್ತದೆ. ಆ ಕುಣಿತ ನೋಡಿದವರಿಗೆ ಅದನ್ನು ಮರೆಯಲಾಗುವುದಿಲ್ಲ.

ಈ ಪ್ರಾಣಿಯ ಕಾಯಿಲೆಗಳನ್ನು ತಿಳಿಯಬೇಕೆಂದರೆ ಮೊದಲು ಅದರ ಹೊಟ್ಟೆಯನ್ನು ತಿಳಿಯಬೇಕು. ಫೆರೆಟ್ ಅಪ್ಪಟ ಮಾಂಸಾಹಾರಿ. ಕರುಳು ಗಿಡ್ಡ. ಸಣ್ಣಕರುಳೂ ದೊಡ್ಡಕರುಳೂ ಕೂಡುವಲ್ಲಿ ಬೇರೆ ಪ್ರಾಣಿಗಳಿಗೆ ಇರುವ ಚೀಲ, ಅಂದರೆ ನಾರು ಕೊಳೆಸಿ ಅರಗಿಸುವ ಜಾಗ, ಇದಕ್ಕೆ ಇಲ್ಲವೇ ಇಲ್ಲ. ತಿಂದದ್ದು ಮೂರ್ನಾಲ್ಕು ಗಂಟೆಯಲ್ಲಿ ಹೊರಗೆ ಬಂದಿರುತ್ತದೆ. ಹಾಗಾಗಿ ಧಾನ್ಯ, ತರಕಾರಿ, ಹಣ್ಣು ಅದರ ಪಾಲಿಗೆ ಬರೀ ಹೊರೆ. ಮಾಂಸದ ಪ್ರೋಟೀನು, ಕೊಬ್ಬು ಇವೇ ಅದರ ಜೀವ. ಒಳ್ಳೆಯ ಆಹಾರದಲ್ಲಿ ಪ್ರೋಟೀನು ನೂರಕ್ಕೆ 30ರಿಂದ 40, ಕೊಬ್ಬು 15ರಿಂದ 20 ಇರಬೇಕು, ನಾರು ಎರಡು ಮೂರನ್ನು ದಾಟಬಾರದು. ನಾಯಿಗೆ ಒಂದು ದಿನ ಉಪವಾಸ ಹಾಕಿದರೆ ಹೊಟ್ಟೆ ಸರಿಹೋಗುತ್ತದೆ ಎಂದು ನಾವು ಹಿಂದಿನಿಂದ ಮಾಡಿಕೊಂಡು ಬಂದಿದ್ದೇವೆ. ಫೆರೆಟ್ಟಿಗೆ ಆ ಲೆಕ್ಕ ಹಾಕಿದರೆ ಜೀವಕ್ಕೇ ಸಂಚಕಾರ. ಅದರ ಗಡಿಯಾರದಲ್ಲಿ ನಾಲ್ಕು ಗಂಟೆಯೇ ಒಂದು ದಿನ.

ಗುಂಡನಿಗೆ ಬಂದದ್ದು ಇನ್ಸುಲಿನೋಮ. ಶುಗರ್ ಇರುವ ಹಿರಿಯರ ಮನೆಯಲ್ಲಿ “ಲೋ ಆಗಿದೆ, ಬೇಗ ಸಕ್ಕರೆ ಕೊಡಿ” ಎನ್ನುವ ಗಾಬರಿ ಗೊತ್ತಿದ್ದೇ ಇರುತ್ತದೆ. ಆದರೆ ಅಲ್ಲಿ ಶುಗರ್ ಇಳಿಯುವುದು ಹೊರಗಿನಿಂದ ಕೊಟ್ಟ ಮದ್ದಿನಿಂದ. ಇಲ್ಲಿ ಮದ್ದು ಒಳಗೇ ಉಕ್ಕುತ್ತಿರುತ್ತದೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಗಡ್ಡೆ ಕಟ್ಟಿ, ಬೇಕಿರಲಿ ಬೇಡದಿರಲಿ ಇನ್ಸುಲಿನ್ ಸುರಿಸುತ್ತಲೇ ಇರುತ್ತವೆ. ರಕ್ತದ ಸಕ್ಕರೆ ಬರಿದಾಗುತ್ತದೆ. ಸಕ್ಕರೆ ಇಲ್ಲದೆ ಒಂದು ಗಳಿಗೆಯೂ ನಡೆಯದ ಮಿದುಳು ಮಂಕಾಗುತ್ತದೆ. ಗೋಡೆ ನೋಡುತ್ತ ನಿಲ್ಲುವುದು, ಹಿಂಗಾಲು ಎಳೆಯುವುದು, ಜೊಲ್ಲು, ಬಾಯಿ ಕೆರೆತ ಎಲ್ಲ ಅದರಿಂದಲೇ. ಇನ್ನೂ ಇಳಿದರೆ ಫಿಟ್ಸ್. ಸಾಕಿದ ಫೆರೆಟ್‌ಗಳಲ್ಲಿ ಮೂರು ವರ್ಷ ದಾಟಿದ ಮೇಲೆ ಅತಿ ಹೆಚ್ಚು ಕಾಣುವ ರೋಗಗಳಲ್ಲಿ ಇದು ಒಂದು. ಆ ವಯಸ್ಸು ಬಂದಾಗಲೇ ಮನೆಯಲ್ಲಿ ಜೇನು ಇಟ್ಟಿರಿ ಎಂದು ವೈದ್ಯರು ಮಗಳಿಗೆ ಹೇಳಿದ್ದರು. ಗುಂಡನಿಗೆ ಐದು ತುಂಬಿತ್ತು.

ನನಗೆ ಇಂದಿಗೂ ನೋವಾಗುವ ಒಂದು ಸಂಗತಿ ಇದೆ. ಅಲ್ಲಿಗೆ ಹೋದ ದಿನದಿಂದ ದೇವರ ಮುಂದೆ ಇಟ್ಟ ಒಣದ್ರಾಕ್ಷಿಯಲ್ಲಿ ಒಂದೆರಡನ್ನು ಗುಂಡನಿಗೆ ಕೊಡುತ್ತಿದ್ದೆ. ಮಂಗಳಾರತಿಯ ಗಂಟೆ ಕೇಳಿದರೆ ಸಾಕು, ಓಡಿಬಂದು ನನ್ನ ಕಾಲ ಮೇಲೆ ನಿಲ್ಲುತ್ತಿದ್ದ. ಈ ರೋಗ ಇರುವ ದೇಹಕ್ಕೆ ಸಿಹಿ ಎಷ್ಟು ಕೆಟ್ಟದ್ದು ಎಂದು ಆಮೇಲೆ ತಿಳಿಯಿತು. ಸಿಹಿ ತಿಂದೊಡನೆ ಸಕ್ಕರೆ ಏರುತ್ತದೆ, ಏರಿದ್ದನ್ನು ಕಂಡ ಗಡ್ಡೆ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ, ಸಕ್ಕರೆ ಮೊದಲಿಗಿಂತಲೂ ಕೆಳಗೆ ಬೀಳುತ್ತದೆ. ಜೇನು ಕೂಡ ಪ್ರಾಣ ಉಳಿಸುವ ಹೊತ್ತಿಗೆ ಮಾತ್ರ. ಅದನ್ನು ಸವರಿ ಎಚ್ಚರವಾದ ಕೂಡಲೇ ಮಾಂಸದ ಊಟ ಹೊಟ್ಟೆಗೆ ಬೀಳಬೇಕು. ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಮತ್ತೆ ಅದೇ ಪಾಡು. ಮಗಳು ಗಂಜಿಗೆ ಓಡಿದ್ದು ಇದಕ್ಕೇ. ಪ್ರಜ್ಞೆ ಪೂರ್ತಿ ಇಲ್ಲದಾಗ ಬಾಯಿಗೆ ನೀರು, ಊಟ ಹಾಕಲೇಬಾರದು. ಶ್ವಾಸಕೋಶಕ್ಕೆ ಇಳಿಯುತ್ತದೆ. ವಸಡಿಗೆ ಸವರುವುದಷ್ಟೇ ಆಗ ಮಾಡಬಹುದಾದ ಕೆಲಸ.

ಆಸ್ಪತ್ರೆಯಲ್ಲಿ ಮೂರ್ನಾಲ್ಕು ಗಂಟೆ ಖಾಲಿ ಹೊಟ್ಟೆಯಲ್ಲಿಟ್ಟು, ಕಣ್ಣಳತೆಯಲ್ಲೇ ಕಾದು, ರಕ್ತದ ಸಕ್ಕರೆ ನೋಡಿದರು. ಆರೋಗ್ಯವಂತ ಫೆರೆಟ್ಟಿಗೆ ಡೆಸಿಲೀಟರಿಗೆ ಸುಮಾರು 90ರಿಂದ 125 ಮಿಲಿಗ್ರಾಂ ಇರಬೇಕು. 70ಕ್ಕಿಂತ ಕೆಳಗೆ ಬಂದರೆ ಅನುಮಾನ, 60ಕ್ಕಿಂತ ಕೆಳಗೆ ಇಳಿದರೆ ಅನುಮಾನಕ್ಕೆ ಹೆಚ್ಚು ಎಡೆ ಉಳಿಯುವುದಿಲ್ಲ. ಗುಂಡನದು 48. ಮನೆಯಲ್ಲಿ ನಾವು ಬಳಸುವ ಶುಗರ್ ಮೀಟರನ್ನು ಇದಕ್ಕೆ ನಂಬುವಂತಿಲ್ಲ. ಮನುಷ್ಯರಿಗೆಂದು ಮಾಡಿದ ಮೀಟರು ಫೆರೆಟ್ ರಕ್ತದಲ್ಲಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ಮುಂದಿನ ದಾರಿ ಎರಡು. ಒಂದು ಶಸ್ತ್ರಚಿಕಿತ್ಸೆ. ಹೊಟ್ಟೆ ತೆರೆದು ಬೆರಳಿನಿಂದ ತಡವಿ ಗಡ್ಡೆ ಹುಡುಕಿ ತೆಗೆಯುತ್ತಾರೆ, ಕೆಲವೊಮ್ಮೆ ಗ್ರಂಥಿಯ ಒಂದು ತುಂಡನ್ನೇ ಕತ್ತರಿಸುತ್ತಾರೆ. ಗಡ್ಡೆಗಳು ಅಕ್ಕಿಕಾಳಿಗಿಂತಲೂ ಸಣ್ಣವಿರಬಹುದು, ಹಲವು ಸಲ ಒಂದಕ್ಕಿಂತ ಹೆಚ್ಚೂ ಇರುತ್ತವೆ. ಕಣ್ಣಿಗೆ ಕಾಣದ್ದು ಉಳಿದುಕೊಂಡು ತಿಂಗಳುಗಳಲ್ಲಿ ಮತ್ತೆ ಬೆಳೆಯುತ್ತದೆ. ಹಾಗಿದ್ದೂ ಗಟ್ಟಿಮುಟ್ಟಾದ, ವಯಸ್ಸು ಹೆಚ್ಚಾಗದ ಪ್ರಾಣಿಗೆ ಇದು ಕೊಡುವ ಬಿಡುವು ಸಣ್ಣದಲ್ಲ. ಎರಡನೆಯದು ಔಷಧ. ಪ್ರೆಡ್ನಿಸೊಲೋನ್ ಕೊಟ್ಟರೆ ಯಕೃತ್ತು ಹೆಚ್ಚು ಸಕ್ಕರೆ ತಯಾರಿಸುತ್ತದೆ. ಸಾಲದಾದಾಗ ಡಯಾಜಾಕ್ಸೈಡ್ ಸೇರಿಸುತ್ತಾರೆ, ಅದು ಇನ್ಸುಲಿನ್ ಹೊರಬೀಳುವುದನ್ನೇ ತಡೆಯುತ್ತದೆ. ಎರಡೂ ಗಡ್ಡೆಯನ್ನು ಕರಗಿಸುವುದಿಲ್ಲ. ಗಡ್ಡೆ ಬೆಳೆದಂತೆ ಮದ್ದಿನ ಪ್ರಮಾಣವನ್ನು ಏರಿಸುತ್ತ ಹೋಗಬೇಕು. ಪ್ರೆಡ್ನಿಸೊಲೋನನ್ನು ಥಟ್ಟನೆ ನಿಲ್ಲಿಸುವಂತೆಯೂ ಇಲ್ಲ. ಮಗಳು, ಅಳಿಯ ಎರಡು ರಾತ್ರಿ ಕೂತು ಮಾತಾಡಿ ಔಷಧವನ್ನೇ ಆರಿಸಿಕೊಂಡರು. ಅಂದಿನಿಂದ ಆ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಅಲಾರಂ ಹೊಡೆಯುತ್ತದೆ. ಬಟ್ಟಲು ಖಾಲಿಯಾಗಿ ನಾಲ್ಕು ಗಂಟೆ ಮೀರಬಾರದಲ್ಲ.

ಗಂಜಿ ಎಂದೆನಲ್ಲ, ಅದರ ಬಗ್ಗೆ ಎರಡು ಮಾತು ಹೇಳಬೇಕು. ಅಮೆರಿಕದ ಫೆರೆಟ್ ಸಾಕುವವರು ಅದನ್ನು ‘ಡಕ್ ಸೂಪ್’ ಎನ್ನುತ್ತಾರೆ, ಬಾತುಕೋಳಿ ಇರಲೇಬೇಕು ಎಂದೇನಿಲ್ಲ. ಮನೆಮನೆಗೂ ಒಂದೊಂದು ಪಾಕ. ಮಗಳ ಮನೆಯಲ್ಲಿ ಉಪ್ಪು, ಮಸಾಲೆ, ಈರುಳ್ಳಿ ಸೋಕದ ಬೇಯಿಸಿದ ಕೋಳಿ, ಅದರದೇ ಕೊಬ್ಬು, ಬೆಂದ ನೀರು, ಜೊತೆಗೆ ನೆನೆಸಿದ ಫೆರೆಟ್ ಆಹಾರದ ಕಾಳು ಎಲ್ಲವನ್ನೂ ನುಣ್ಣಗೆ ರುಬ್ಬಿ, ಐಸ್ ತಟ್ಟೆಯ ಗುಳಿಗಳಲ್ಲಿ ಹೊಯ್ದು ಫ್ರಿಜ್ಜಿನಲ್ಲಿ ಗಟ್ಟಿ ಮಾಡಿಡುತ್ತಾರೆ. ಬೇಕಾದಾಗ ಒಂದು ತುಂಡು ಬಿಸಿಮಾಡಿದರಾಯಿತು. ಇದನ್ನು ಪ್ರಾಣಿ ಆರೋಗ್ಯವಾಗಿರುವಾಗಲೇ ರೂಢಿ ಮಾಡಿಸಬೇಕು. ಮರಿಯಾಗಿದ್ದಾಗ ಮೊದಲ ಆರು ತಿಂಗಳಲ್ಲಿ ಮೂಸಿ ತಿಂದ ವಾಸನೆಯನ್ನಷ್ಟೇ ಫೆರೆಟ್ ಊಟ ಎಂದು ಒಪ್ಪುತ್ತದೆ. ದೊಡ್ಡದಾದ ಮೇಲೆ ಹೊಸದನ್ನು ಮುಂದಿಟ್ಟರೆ ಹಸಿದು ಕೂತೀತೇ ಹೊರತು ಮುಟ್ಟುವುದಿಲ್ಲ. ಕಾಯಿಲೆ ಬಿದ್ದ ದಿನ ಗಂಜಿ ಕಲಿಸಲು ಹೊರಡುವುದು ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಹೊಟ್ಟೆಯ ರೋಗಗಳಲ್ಲಿ ಮೋಸಗೊಳಿಸುವುದು ಹುಣ್ಣು. ಮಕ್ಕಳು ನಿದ್ದೆಯಲ್ಲಿ ಹಲ್ಲು ಕಡಿದರೆ ಹೊಟ್ಟೆಯಲ್ಲಿ ಜಂತು ಆಗಿದೆ ಎನ್ನುತ್ತಿದ್ದಳು ನಮ್ಮಮ್ಮ. ಫೆರೆಟ್ ಹಲ್ಲು ಕಡಿದರೆ ಹೊಟ್ಟೆ ನೋಯುತ್ತಿದೆ, ಓಕರಿಕೆ ಬರುತ್ತಿದೆ ಎಂದು ಅರ್ಥ. ಒಂಟಿ ಕಟುಕಟು ಸದ್ದು ಅಷ್ಟೇ, ಕಿವಿಗೊಟ್ಟರೆ ಮಾತ್ರ ಕೇಳುತ್ತದೆ. ಬಟ್ಟಲ ಬಳಿ ಹೋಗಿ, ಮೂಸಿ, ತಿರುಗಿ ಬರುತ್ತದೆ. ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾದರೆ ಒಳಗೆ ರಕ್ತ ಸೋರುತ್ತಿದೆ. ಬಹುಪಾಲು ಫೆರೆಟ್‌ಗಳ ಜಠರದಲ್ಲಿ ಹೆಲಿಕೊಬ್ಯಾಕ್ಟರ್ ಮಸ್ಟೆಲೆ ಎಂಬ ಬ್ಯಾಕ್ಟೀರಿಯಾ ಹಾಲು ಬಿಡಿಸಿದ ಕಾಲದಿಂದಲೇ ನೆಲೆಸಿರುತ್ತದೆ. ಮನೆ ಬದಲಾದಾಗ, ಜೊತೆಗಾರ ಸತ್ತಾಗ, ಬೇರೆ ರೋಗ ಬಂದು ಮೈ ಸೊರಗಿದಾಗ ಅದು ಹುಣ್ಣು ಮಾಡುತ್ತದೆ. ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್, ಬಿಸ್ಮತ್ ಮೂರನ್ನೂ ಕೂಡಿಸಿ ವಾರಗಟ್ಟಲೆ ಕೊಡುವುದು ಹಳೆಯ, ಇಂದಿಗೂ ನಡೆಯುವ ಚಿಕಿತ್ಸೆ.

ಈ ಬ್ಯಾಕ್ಟೀರಿಯಾದ ಕತೆ ನಮ್ಮ ಹೊಟ್ಟೆಗೂ ಸಂಬಂಧಿಸಿದ್ದು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಇಬ್ಬರೂ ಮನುಷ್ಯನ ಜಠರದ ಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣ ಎಂದಾಗ ನಂಬುವವರು ಕಡಿಮೆ ಇದ್ದರು. ಅದೇ ದಶಕದ ಮಧ್ಯದಲ್ಲಿ ಅಮೆರಿಕದ ಎಂಐಟಿಯಲ್ಲಿ ಜೇಮ್ಸ್ ಫಾಕ್ಸ್ ಮತ್ತು ಅವರ ಸಂಗಡಿಗರು ಫೆರೆಟ್ಟಿನ ಹುಣ್ಣಿನಲ್ಲಿ ಅದೇ ಕುಲದ ಜೀವಿಯನ್ನು ಕಂಡರು. ತಾನಾಗಿಯೇ ಇಂಥ ಸೋಂಕು ತಗುಲಿ ಹುಣ್ಣಾಗುವ ಪ್ರಾಣಿ ಸಿಕ್ಕಿದ್ದರಿಂದ ರೋಗದ ದಾರಿಯನ್ನು ಅಭ್ಯಾಸ ಮಾಡಲು ಅನುಕೂಲವಾಯಿತು. ಮಾರ್ಷಲ್, ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಇನ್ಫ್ಲುಯೆಂಜಾ ವೈರಸ್ಸನ್ನು ಲಂಡನ್ನಿನ ವಿಜ್ಞಾನಿಗಳು 1933ರಲ್ಲಿ ಮನುಷ್ಯರಿಂದ ಬೇರ್ಪಡಿಸಿದ್ದೂ ಫೆರೆಟ್‌ಗಳ ಮೂಲಕವೇ. ನಮ್ಮ ಶೀತಜ್ವರ ಅವಕ್ಕೆ ತಗುಲುತ್ತದೆ, ಅವುಗಳದ್ದು ನಮಗೆ. ಮನುಷ್ಯರ ವೈದ್ಯಕ್ಕೆ ಇಷ್ಟು ಕೊಟ್ಟ ಜೀವ ಇದು. ಅದರ ನೋವು ನಮಗೆ ಅರ್ಥವಾಗಬೇಕು ಎಂದು ನಾನು ಆಸೆಪಡುವುದಕ್ಕೆ ಇದೂ ಒಂದು ಕಾರಣ.

ಮರಿಗಳ ವಿಷಯಕ್ಕೆ ಬಂದರೆ ರಬ್ಬರೇ ದೊಡ್ಡ ಶತ್ರು. ಮೆತ್ತಗೆ, ಜಗಿಯಲು ಹಿತವಾಗಿ ಇರುವುದೆಲ್ಲ ಅದರ ಬಾಯಿಗೆ. ರಿಮೋಟಿನ ಗುಂಡಿ, ಅಳಿಸುವ ರಬ್ಬರು, ಸ್ಪಂಜು, ಇಯರ್‌ಫೋನಿನ ತುದಿ ಯಾವುದನ್ನೂ ಬಿಡುವುದಿಲ್ಲ. ನಾನು ಊರಿಂದ ಒಯ್ದ ಹವಾಯಿ ಚಪ್ಪಲಿಯ ಹಿಮ್ಮಡಿಯಲ್ಲಿ ಒಂದು ದಿನ ಕಡಲೆಕಾಳಿನಷ್ಟು ಹಳ್ಳ ಬಿದ್ದಿತ್ತು. ಆ ತುಂಡು ಮಂಚದಡಿ ಸಿಗುವವರೆಗೆ ಮಗಳ ಮುಖದಲ್ಲಿ ಬಣ್ಣ ಇರಲಿಲ್ಲ. ನುಂಗಿದ ರಬ್ಬರು ಕರುಳಿಗೆ ಅಡ್ಡ ಕೂತರೆ ಊಟ ನಿಲ್ಲುತ್ತದೆ, ಮಲ ನೂಲಿನಂತಾಗಿ ಕಡೆಗೆ ನಿಂತೇಹೋಗುತ್ತದೆ, ಪ್ರಾಣಿ ಬೆನ್ನು ಗೂನಾಗಿಸಿ ಮಲಗುತ್ತದೆ. ನಾಯಿಬೆಕ್ಕುಗಳಂತೆ ಇದು ವಾಂತಿ ಮಾಡಿ ತೋರಿಸುವುದು ಕಡಿಮೆ. ಎಕ್ಸ್‌ರೇ, ಸ್ಕ್ಯಾನ್, ಬಹಳ ಸಲ ಆಪರೇಷನ್. ಆ ದಿನವೇ ಆಗಬೇಕು.

ಭೇದಿಯಲ್ಲಿ ಒಂದು ವಿಶೇಷ ಬಗೆ ಇದೆ. 1993ರಲ್ಲಿ ಅಮೆರಿಕದ ಪೂರ್ವ ಭಾಗದಲ್ಲಿ ಮೊದಲು ಕಾಣಿಸಿಕೊಂಡು ಬೇಗನೆ ಹಬ್ಬಿತು. ಹಸಿರು ಲೋಳೆಯಂಥ ಭೇದಿಯಾದ್ದರಿಂದ ಸಾಕುವವರು ಅದೇ ಹೆಸರಿನಲ್ಲಿ ಕರೆದರು. ಕಾರಣ ಒಂದು ಕೊರೋನಾ ವೈರಸ್, ನಮ್ಮನ್ನು ಕಾಡಿದ್ದಲ್ಲ, ಫೆರೆಟ್ಟಿನದೇ. ಅಂಗಡಿಯಿಂದ ತಂದ ಚುರುಕಾದ ಮರಿ ವೈರಸ್ ಹೊತ್ತು ಬರುತ್ತದೆ, ಅದಕ್ಕೆ ಏನೂ ಆಗಿರುವುದಿಲ್ಲ. ಮನೆಯ ಮುದಿ ಫೆರೆಟ್ ಎರಡು ಮೂರು ದಿನದಲ್ಲಿ ನೆಲ ಹಿಡಿಯುತ್ತದೆ. ಭೇದಿ ನಿಂತ ಮೇಲೂ ಕರುಳಿನ ಒಳಪದರ ಚೇತರಿಸಲು ತಿಂಗಳುಗಳು ಬೇಕು. ಅಷ್ಟು ದಿನ ಮಲದಲ್ಲಿ ರವೆಯಂಥ ಕಾಳುಕಾಳು, ಅರಗದೇ ಬಂದ ಕೊಬ್ಬು. ಇದಕ್ಕೆ ನೇರ ಮದ್ದಿಲ್ಲ. ನೀರಿನಂಶ ಕಾಪಾಡುವುದು, ಸುಲಭವಾಗಿ ಅರಗುವ ಗಂಜಿ, ಹೊಸ ಮರಿಯನ್ನು ಕೆಲವು ವಾರ ಬೇರೆ ಕೋಣೆಯಲ್ಲಿಟ್ಟು ಕೈ ತೊಳೆದೇ ಹಳೆಯದನ್ನು ಮುಟ್ಟುವುದು ಇಷ್ಟೇ ಉಳಿದ ದಾರಿ. ಒಂದು ಎಚ್ಚರ: ನಮ್ಮ ಮಾತ್ರೆಡಬ್ಬಿಯಿಂದ ನೋವಿನ ಮಾತ್ರೆ ತೆಗೆದು ಕೊಡಬೇಡಿ. ಐಬುಪ್ರೊಫೆನ್ ಫೆರೆಟ್ಟಿಗೆ ವಿಷ.

ಇನ್ನು ಪುಟ್ಟಿ. ಗುಂಡನ ಜೊತೆಗಾತಿ, ನಾಲ್ಕು ವರ್ಷದವಳು. ನಾನು ನೋಡಿದಾಗ ಅವಳ ಬಾಲ ಇಲಿಯ ಬಾಲದಂತೆ ಬೋಳಾಗಿತ್ತು. ರೋಮ ಉದುರುವ ಕಾಲ ಇರಬೇಕು, ಮತ್ತೆ ಬರುತ್ತದೆ ಎಂದು ಮನೆಯವರು ಕಾದಿದ್ದರು. ಉದುರುವುದು ಬಾಲದ ಬುಡದಿಂದ ಸೊಂಟಕ್ಕೆ, ಎರಡೂ ಪಕ್ಕಕ್ಕೆ ಸರಿಸಮವಾಗಿ ಏರಿತು. ಭುಜ ಕೆರೆದುಕೊಳ್ಳುತ್ತಿದ್ದಳು. ಗರ್ಭಕೋಶ, ಅಂಡಾಶಯ ತೆಗೆದಿದ್ದರೂ ಬೆದೆಗೆ ಬಂದವಳಂತೆ ಯೋನಿ ಊದಿತ್ತು. ಇದು ಅಡ್ರಿನಲ್ ರೋಗ. ಫೆರೆಟ್ ಸಾಕುವವರನ್ನು ಅತಿ ಹೆಚ್ಚು ಕಾಡುವ ಹಾರ್ಮೋನು ಕಾಯಿಲೆ.

ಮೂತ್ರಪಿಂಡದ ಪಕ್ಕದಲ್ಲಿ ಭತ್ತದ ಕಾಳಿನಷ್ಟು ಇರುವ ಈ ಗ್ರಂಥಿಗೆ ರೋಗ ಬರುವ ಬಗೆ ವಿಚಿತ್ರವಾದದ್ದು. ಮಿದುಳಿನ ಬುಡದ ಪಿಟ್ಯುಟರಿಯಿಂದ ಅಂಡಾಶಯಕ್ಕೆ, ವೃಷಣಕ್ಕೆ ಎಲ್‌ಎಚ್ ಎಂಬ ಹಾರ್ಮೋನು ಅಪ್ಪಣೆ ಒಯ್ಯುತ್ತದೆ. ಅವು ಲೈಂಗಿಕ ಹಾರ್ಮೋನು ತಯಾರಿಸಿ ಕಳಿಸಿದರೆ ‘ಸಾಕು’ ಎಂಬ ಸುದ್ದಿ ಹಿಂದಕ್ಕೆ ಮುಟ್ಟುತ್ತದೆ. ಆ ಅಂಗಗಳನ್ನೇ ತೆಗೆದುಬಿಟ್ಟರೆ ‘ಸಾಕು’ ಎನ್ನುವವರೇ ಇಲ್ಲ. ಅಪ್ಪಣೆ ವರ್ಷಗಟ್ಟಲೆ ಬರುತ್ತಲೇ ಇರುತ್ತದೆ. ಫೆರೆಟ್ಟಿನ ಅಡ್ರಿನಲ್ ಗ್ರಂಥಿಗೂ ಆ ಅಪ್ಪಣೆ ಕೇಳಿಸುತ್ತದೆ. ಅದು ದಪ್ಪವಾಗಿ, ಕೆಲವೊಮ್ಮೆ ಗಡ್ಡೆಯಾಗಿ, ತಾನೇ ಲೈಂಗಿಕ ಹಾರ್ಮೋನು ಸುರಿಸತೊಡಗುತ್ತದೆ. ನಾಯಿಗಳಲ್ಲಿ ಅಡ್ರಿನಲ್ ಕೆಟ್ಟರೆ ಹೆಚ್ಚುವುದು ಕಾರ್ಟಿಸೋಲ್, ಇಲ್ಲಿ ಹಾಗಲ್ಲ. ನಾಯಿಯ ಪರೀಕ್ಷೆ ಇಲ್ಲಿ ಸುಳ್ಳು ಹೇಳುವುದು ಅದಕ್ಕೇ. ಗಂಡಿನಲ್ಲಿ ಪ್ರಾಸ್ಟೇಟ್ ಊದಿ ಮೂತ್ರನಾಳ ಕಟ್ಟಿಕೊಳ್ಳಬಹುದು. ಗಂಡು ಫೆರೆಟ್ ಮೂತ್ರಕ್ಕೆ ತಿಣುಕುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ಅಮೆರಿಕದಲ್ಲಿ ಮಾರಾಟಕ್ಕೆ ಬರುವ ಬಹಳಷ್ಟು ಮರಿಗಳಿಗೆ ಐದಾರು ವಾರ ತುಂಬುವಷ್ಟರಲ್ಲೇ ಸಂತಾನಹರಣ ಆಗಿರುತ್ತದೆ. ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಅಲ್ಲಿನ ಫೆರೆಟ್‌ಗಳಲ್ಲಿ ನೋಡಿದಾಗ, ಆ ಶಸ್ತ್ರಚಿಕಿತ್ಸೆಯಾಗಿ ಸರಾಸರಿ ಮೂರೂವರೆ ವರ್ಷಕ್ಕೆ ರೋಗ ತಲೆದೋರಿತ್ತು. ನಮ್ಮ ಹಳ್ಳಿಗಳಲ್ಲಿ ಹೋರಿಗೆ ಮೈಕಟ್ಟು ಬಂದ ಮೇಲೆಯೇ ಬೀಜ ಒಡೆಸುತ್ತಿದ್ದರು. ಎಳೆಗರುವಿಗೆ ಮಾಡಿಸಿದರೆ ಎತ್ತು ಬೆಳೆಯುವುದಿಲ್ಲ ಎಂಬ ತಿಳಿವಳಿಕೆ ಇತ್ತು. ಕಣ್ಣು ಬಿಟ್ಟು ಕೆಲವೇ ದಿನವಾದ ಮರಿಗೆ ಈ ಕೆಲಸ ಮಾಡುವುದು ನನಗೆ ಸರಿಯೆನಿಸುವುದಿಲ್ಲ.

ಹಾಗೆಂದು ಸುಮ್ಮನೆ ಬಿಡುವಂತೆಯೂ ಇಲ್ಲ, ಕಷ್ಟ ಇರುವುದೇ ಇಲ್ಲಿ. ಹೆಣ್ಣು ಫೆರೆಟ್ ಒಮ್ಮೆ ಬೆದೆಗೆ ಬಂದರೆ ಗಂಡು ಸೇರುವವರೆಗೆ ಬೆದೆ ಇಳಿಯುವುದಿಲ್ಲ. ಈಸ್ಟ್ರೋಜೆನ್ ವಾರಗಟ್ಟಲೆ ಏರಿಯೇ ಇದ್ದು ಎಲುಬಿನ ಮಜ್ಜೆಯನ್ನು ಬತ್ತಿಸುತ್ತದೆ, ರಕ್ತ ತಯಾರಾಗುವುದು ನಿಲ್ಲುತ್ತದೆ, ಪ್ರಾಣಿ ಬಿಳಿಚಿಕೊಂಡು ಸಾಯುತ್ತದೆ. ಹಿಂದೆ ಇದಕ್ಕೆ ಹೆದರಿಯೇ ಎಲ್ಲವಕ್ಕೂ ಅಂಡಾಶಯ ತೆಗೆಸುವ ರೂಢಿ ಬಂತು. ಈಗ ಯುರೋಪಿನ ಅನೇಕ ಪಶುವೈದ್ಯರು ಅಂಗಾಂಗ ತೆಗೆಯದೆ ಡೆಸ್ಲೊರೆಲಿನ್ ಎಂಬ ಔಷಧದ ತುಣುಕನ್ನು ಚರ್ಮದಡಿ ಇಡುತ್ತಾರೆ. ಬ್ರಿಟನ್ನಿನಲ್ಲಿ ಬೆದೆ ಇಳಿಸುವ ಚುಚ್ಚುಮದ್ದನ್ನೂ, ವೀರ್ಯನಾಳ ಕತ್ತರಿಸಿದ ಗಂಡನ್ನು ಜೊತೆಗೆ ಬಿಡುವುದನ್ನೂ ಹಿಂದಿನಿಂದ ನಡೆಸಿಕೊಂಡು ಬಂದಿದ್ದಾರೆ.

ಅದೇ ಡೆಸ್ಲೊರೆಲಿನ್ ರೋಗ ಬಂದ ಮೇಲೂ ಕೆಲಸಕ್ಕೆ ಬರುತ್ತದೆ. 4.7 ಮಿಲಿಗ್ರಾಮಿನ ತುಣುಕನ್ನು ಫೆರೆಟ್ಟಿನ ಅಡ್ರಿನಲ್ ರೋಗಕ್ಕೆ ಬಳಸಲು ಅಮೆರಿಕದ ಔಷಧ ಇಲಾಖೆ 2012ರಲ್ಲಿ ದಾರಿ ಬಿಟ್ಟುಕೊಟ್ಟಿತು. ಪಿಟ್ಯುಟರಿಗೆ ಬಿಡುವಿಲ್ಲದೆ ಪ್ರಚೋದನೆ ಕೊಟ್ಟು ಕೊಟ್ಟು ಕಡೆಗೆ ಅದು ಕಿವುಡಾಗುವಂತೆ ಮಾಡುವುದು ಇದರ ಗುಟ್ಟು. ಮೊದಲ ಎರಡು ವಾರ ಲಕ್ಷಣ ಹೆಚ್ಚಿದಂತೆ ಕಂಡು, ಆಮೇಲೆ ಇಳಿಯುತ್ತದೆ. ವರ್ಷದ ಆಚೀಚೆ ಪ್ರಭಾವ ತೀರಿದಾಗ ಮತ್ತೊಂದು ತುಣುಕು. ಗಡ್ಡೆ ಒಳಗೆ ಬೆಳೆಯುವುದನ್ನು ಇದು ಖಂಡಿತ ನಿಲ್ಲಿಸುತ್ತದೆ ಎನ್ನಲಾಗದು, ಆದ್ದರಿಂದ ನಡುನಡುವೆ ಸ್ಕ್ಯಾನ್ ಬೇಕು. ಶಸ್ತ್ರಚಿಕಿತ್ಸೆಯಲ್ಲಿ ಎಡಗ್ರಂಥಿ ತೆಗೆಯುವುದು ಸುಲಭ. ಬಲಗಡೆಯದು ದೇಹದ ದೊಡ್ಡ ಅಭಿಧಮನಿಗೆ ಅಂಟಿಕೊಂಡಿರುತ್ತದೆ, ನುರಿತ ಕೈಯೇ ಬೇಕು. ಮನೆಯ ದೀಪದ ಮಾತೂ ಇದೆ. ಹಗಲು ಉದ್ದವಾದಾಗ ಬೆದೆಗೆ ಬರುವ ಪ್ರಾಣಿ ಇದು. ನಡುರಾತ್ರಿವರೆಗೆ ಟ್ಯೂಬ್‌ಲೈಟಿನ ಕೆಳಗೆ ಇಟ್ಟರೆ ಅದರ ಮೈಗೆ ಎಂದೂ ಮುಗಿಯದ ಬೇಸಿಗೆ. ಸಂಜೆಯಾದೊಡನೆ ಕತ್ತಲ ಮೂಲೆ ಕೊಡಬೇಕು ಎಂದು ವೈದ್ಯರು ಹೇಳುವುದು ಇದಕ್ಕೇ.

ಪುಟ್ಟಿಯ ಎರಡು ಭುಜಗಳ ನಡುವೆ ಆ ತುಣುಕು ಇಟ್ಟ ದಿನ ನಾನೇ ಅವಳನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿದಿದ್ದೆ. ಕೈಯಡಿ ಅವಳ ಎದೆ ಎಣಿಸಲಾಗದಷ್ಟು ವೇಗವಾಗಿ ಬಡಿಯುತ್ತಿತ್ತು. ಊರಿಗೆ ಹಿಂತಿರುಗಿ ಎರಡು ತಿಂಗಳಾದ ಮೇಲೆ ಮಗಳು ವಿಡಿಯೋ ಕಾಲಿನಲ್ಲಿ ಅವಳ ಬಾಲವನ್ನು ಕ್ಯಾಮೆರಾಕ್ಕೆ ಹಿಡಿದಳು. ಬೋಳು ಚರ್ಮದ ಮೇಲೆ ಮಳೆ ಬಿದ್ದ ವಾರಕ್ಕೆ ಗದ್ದೆಬದುವಿನಲ್ಲಿ ಹುಟ್ಟುವ ಗರಿಕೆಯಂತೆ ಸಣ್ಣ ರೋಮ ಎದ್ದಿತ್ತು. ಹಿಂದೆ ತೊಟ್ಟಿಲಲ್ಲಿ ಗುಂಡ ಮಲಗಿದ್ದ. ನಿದ್ದೆಯೋ, ಸಕ್ಕರೆ ಇಳಿದ ಮಂಪರೋ ಎಂದು ನನಗೆ ಗಾಬರಿ. “ವಸಡು ನೋಡಿದೆ ಅಮ್ಮಾ, ಕೆಂಪಗೇ ಇದೆ. ಎಬ್ಬಿಸಿದರೆ ಏಳ್ತಾನೆ” ಎಂದಳು. ಹಿಂದಿನ ವಾರ 62 ಬಂದು ಮದ್ದು ಏರಿಸಿದ್ದಾರಂತೆ. ಹೆಸರು ಹಿಡಿದು ಕರೆದೆ. ಸ್ವಲ್ಪ ಹೊತ್ತಾಯಿತು. ಆಮೇಲೆ ಬಟ್ಟೆಯ ಅಂಚಿನಿಂದ ಮೂಗು ಹೊರಗೆ ಬಂತು.